ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತೆ: ಪಶ್ಚಿಮ ಬೆಂಗಳೂರಿನ ಶ್ರಮಿಕ ಸಮುದಾಯಗಳಲ್ಲಿ

ಜೀವನೋಪಾಯಕ್ಕಾಗಿ ಕೈಕೊಂಡ ಕೆಲಸವೇ ಕೆಲಸಗಾರನ ದೇಹಕ್ಕೆ ಮುಳುವಾಗದಂತೆ, ಹಾನಿ ಸಂಭವಿಸುವುದಕ್ಕೆ ಮುಂಚೆಯೇ ಅದರ ಕಾರಣಗಳನ್ನು ಗುರುತಿಸಿ ನಿವಾರಿಸುವ ವಿದ್ಯೆಗೂ ಆ ವಿದ್ಯೆಯನ್ನು ಆಚರಣೆಗೆ ತರತಕ್ಕ ಆಡಳಿತಕ್ಕೂ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತೆ ಎಂದು ಹೆಸರು. ಇದರ ವ್ಯಾಪ್ತಿಗೆ ಬರುವ ಕೇಡುಗಳು ಎರಡು ಬಗೆಯವು. ಅಪಘಾತವು ಕ್ಷಣಮಾತ್ರದಲ್ಲಿ ಎಲ್ಲರ ಕಣ್ಣೆದುರಿಗೆ ನಡೆದುಹೋಗುವುದರಿಂದ ಅದರ ಸುದ್ದಿಯಾಗುತ್ತದೆ, ವಿಚಾರಣೆಯಾಗುತ್ತದೆ, ಕೆಲವೊಮ್ಮೆ ಪರಿಹಾರವೂ ದೊರೆಯುತ್ತದೆ. ವೃತ್ತಿಜನ್ಯ ರೋಗವಾದರೋ ಹತ್ತಿಪ್ಪತ್ತು ವರ್ಷಗಳ ಕಾಲ ಶ್ವಾಸಕೋಶದಲ್ಲಿ, ಕಿವಿಯಲ್ಲಿ, ಬೆನ್ನೆಲುಬಿನಲ್ಲಿ ಸದ್ದಿಲ್ಲದೆ ಬೆಳೆದು, ಕೆಲಸಗಾರನು ಕೆಲಸ ಬಿಟ್ಟು ಊರಿಗೆ ಹಿಂದಿರುಗಿದ ಮೇಲೆ ಪ್ರಕಟವಾಗುವುದರಿಂದ, ಅದಕ್ಕೂ ದುಡಿಮೆಗೂ ಇರುವ ಸಂಬಂಧವನ್ನು ಕಟ್ಟಿಕೊಡುವವರೇ ಇರುವುದಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿಯು 1700ರಲ್ಲಿ ಪ್ರಕಟಿಸಿದ ಕುಶಲಕರ್ಮಿಗಳ ರೋಗಗಳನ್ನು ಕುರಿತ ಗ್ರಂಥದಲ್ಲಿ, ರೋಗಿಯನ್ನು ಕೇಳತಕ್ಕ ಪ್ರಶ್ನೆಗಳ ಜತೆಗೆ ಆತನ ಉದ್ಯೋಗವೇನೆಂಬ ಪ್ರಶ್ನೆಯನ್ನೂ ಸೇರಿಸಬೇಕೆಂದು ವೈದ್ಯರಿಗೆ ವಿಧಿಸಿದನು. ಇಷ್ಟು ಸರಳವಾದ ಪ್ರಶ್ನೆಯನ್ನು ಇಂದಿಗೂ ನಮ್ಮ ಅನೇಕ ಚಿಕಿತ್ಸಾಲಯಗಳ ಚೀಟಿಯಲ್ಲಿ ಕಾಣಲಾರೆವು.

ಬೆಂಗಳೂರಿನ ಪಶ್ಚಿಮಭಾಗ, ಎಂದರೆ ರಾಜಾಜಿನಗರದಿಂದ ತೊಡಗಿ ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರಗಳನ್ನೊಳಗೊಂಡು ಮೈಸೂರು ರಸ್ತೆಯ ಬಾಪೂಜಿನಗರ, ನಾಯಂಡಹಳ್ಳಿಗಳ ಮೂಲಕ ಕೆಂಗೇರಿಯವರೆಗೆ ವೃಷಭಾವತಿಯ ಕಣಿವೆಯನ್ನು ಅನುಸರಿಸಿ ಹಬ್ಬಿರುವ ಪ್ರದೇಶವು ಈ ವಿಷಯವನ್ನು ಪರಿಶೀಲಿಸುವುದಕ್ಕೆ ವಿಶೇಷವಾಗಿ ಅನುಕೂಲವಾದುದು. 1884ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಬಿನ್ನಿ ಮಿಲ್ಲೆಂದೇ ನೆಲೆಗೊಂಡ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿ, ಮಲ್ಲೇಶ್ವರದಂಚಿನ ರಾಜಾ ಮಿಲ್ಲು, 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ವಿದ್ಯುದ್ಯಂತ್ರ ಕಾರ್ಖಾನೆ, 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಬಂದ ಸರ್ಕಾರಿ ಸಾಬೂನು ಕಾರ್ಖಾನೆ, ಮೈಸೂರು ರಸ್ತೆಯ ಬಿ.ಎಚ್.ಇ.ಎಲ್., ಕೆಂಗೇರಿಯ ಕೆ.ಎಸ್.ಆರ್.ಟಿ.ಸಿ. ಕಾರ್ಯಾಗಾರ, ಇವು ಒಂದು ಕಡೆಗಿದ್ದರೆ, ಎರಡು ಆಳು ನಿಲ್ಲುವಷ್ಟೇ ಜಾಗದಲ್ಲಿ ಪ್ರೆಸ್ಸು ಹೊಡೆಯುವ ಶೆಡ್ಡುಗಳೂ ಅಡಿಗೆಮನೆಯ ಪಕ್ಕದಲ್ಲೇ ನಡೆಯುವ ಊದುಬತ್ತಿಯ ದುಡಿಮೆಯೂ ಅದೇ ಬೀದಿಗಳ ಮತ್ತೊಂದು ಕಡೆಗಿವೆ. ಗಿರಣಿಗಳಲ್ಲಿ ಹಲವು ಈಗ ಅಂಗಡಿಮಳಿಗೆ, ವಸತಿ ಗೋಪುರಗಳಾಗಿ ಮಾರ್ಪಟ್ಟಿವೆ. ಅವುಗಳ ಗೋಡೆಗಳೊಡನೆ ಅಪಾಯವೂ ಅಳಿಯಿತೆಂದು ತಿಳಿಯಬಾರದು. ಅದು ಬೀದಿಗೆ ಬಂದು, ಚದುರಿ, ಎಣಿಕೆಗೆ ಸಿಕ್ಕದ ಜಾಗಗಳಲ್ಲಿ ಮನೆಮಾಡಿತು.

ಗಿರಣಿಗಳ ಕಾಲದ ಮುಖ್ಯ ಪಿಡುಗು ಹತ್ತಿಯ ಧೂಳು. ಅರಳೆಯನ್ನು ಬಿಡಿಸಿ ಹಿಂಜುವ ವಿಭಾಗಗಳಲ್ಲಿ ವರ್ಷಗಟ್ಟಲೆ ಉಸಿರಾಡಿದವರಿಗೆ ವಾರದ ರಜೆಯ ಮರುದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲುತ್ತದೆ, ಕಾಲಕ್ರಮದಲ್ಲಿ ಸಡಿಲುವುದೇ ನಿಲ್ಲುತ್ತದೆ. ಬಿಸಿನೋಸಿಸ್ ಎಂಬ ಈ ರೋಗಕ್ಕೆ ಮದ್ದಿಗಿಂತ ಯಂತ್ರದ ಬಾಯಲ್ಲೇ ಧೂಳನ್ನು ಹೀರಿಕೊಳ್ಳುವ ಕೊಳವೆಯೇ ಸರಿಯಾದ ಉಪಾಯ. ಅಂದಿನ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ 1940ರ ದಶಕದಲ್ಲಿ ವಿಸ್ತಾರವಾಗಿ ದಾಖಲಾದುದು ಭಾರತದ ಔದ್ಯೋಗಿಕ ವೈದ್ಯದ ಚರಿತ್ರೆಯಲ್ಲಿ ಒಂದು ಮುಖ್ಯ ಘಟನೆ. ಗಣಿಯಲ್ಲಿ ಕಲಿತ ಪಾಠವು ನಗರದಲ್ಲಿ ಗ್ರಾನೈಟ್ ಮತ್ತು ಟೈಲ್ಸ್ ಕತ್ತರಿಸುವವನ ಮೂಗಿನವರೆಗೆ ತಲಪಲಿಲ್ಲವೆಂಬುದನ್ನು ಯಾವ ಹೊಸ ಬಡಾವಣೆಯಲ್ಲಾದರೂ ನೋಡಬಹುದು: ಕಲ್ಲಿನ ಮೇಲೆ ಸಣ್ಣಗೆ ನೀರು ಬಿಟ್ಟುಕೊಂಡು ಕೊಯ್ದರೆ ಏಳದ ಧೂಳು, ಒಣಗಲ್ಲನ್ನೇ ಕೊಯ್ಯುವುದರಿಂದ ಬೀದಿಯುದ್ದಕ್ಕೂ ಬಿಳಿಯ ಮುಸುಕಾಗಿ ಏಳುತ್ತದೆ, ಕೊಯ್ಯುವವನ ರಕ್ಷಣೆಗೆ ಮುಖಕ್ಕೆ ಸುತ್ತಿದ ಟವಲ್ಲೊಂದೇ ಇರುತ್ತದೆ.

ಶಾಸನದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1923ರ ಕಾರ್ಮಿಕರ ಪರಿಹಾರ ಕಾನೂನು ಗಾಯವಾದ ಮೇಲಣ ಹಣವನ್ನು ಕುರಿತದ್ದು, 1948ರ ಕಾರ್ಖಾನೆಗಳ ಕಾನೂನು ಗಾಯವಾಗದಂತೆ ಯಂತ್ರಕ್ಕೆ ಬೇಲಿ, ಕೋಣೆಗೆ ಗಾಳಿ, ದುಡಿಮೆಗೆ ಮಿತಿ, ಕುಡಿಯಲು ನೀರು ಇವುಗಳನ್ನು ವಿಧಿಸಿತು, ಬಿ. ಪಿ. ಅಡಾರ್ಕರರ 1944ರ ವರದಿಯನ್ನು ಆಧಾರವಾಗಿಟ್ಟುಕೊಂಡು ಅದೇ 1948ರಲ್ಲಿ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆಯು 1958ರಲ್ಲಿ ಬೆಂಗಳೂರಿಗೆ ಬಂದು, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಮೂಲಕ ಈ ಭಾಗದ ದುಡಿಯುವ ಕುಟುಂಬಗಳಿಗೆ ಚಿರಪರಿಚಿತವಾಯಿತು. 1984ರ ಭೋಪಾಲ ದುರಂತದ ತರುವಾಯ, 1987ರ ತಿದ್ದುಪಡಿಯು ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರಿಗೆ ಅಪಾಯದ ತಿಳಿವಳಿಕೆ ಪಡೆಯುವ ಹಕ್ಕನ್ನೂ ಸುರಕ್ಷತಾ ಸಮಿತಿಯಲ್ಲಿ ಸ್ಥಾನವನ್ನೂ ಕೊಟ್ಟಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕೈಗಾರಿಕೆಯ ಮೊಕದ್ದಮೆಯಲ್ಲಿ ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಅಡಕವಾಗಿದೆಯೆಂದು ಸಾರಿತು.

ಈ ಶಾಸನಗಳ ಉದ್ದೇಶದಲ್ಲಿ ದೋಷ ಹುಡುಕಬೇಕಾಗಿಲ್ಲ. ಆದರೆ ಇವು ಕೆಲಸಗಾರನನ್ನು ಗುರುತಿಸುವ ರೀತಿಯು ಸೂರು ಮತ್ತು ತಲೆಯೆಣಿಕೆಗಳನ್ನು ಅವಲಂಬಿಸಿದೆ. ವಿದ್ಯುಚ್ಛಕ್ತಿಯಿದ್ದು 10 ಜನರೂ, ಇಲ್ಲದೆ 20 ಜನರೂ ದುಡಿಯುವ ಜಾಗವೇ ಕಾರ್ಖಾನೆಯೆಂದು 1948ರ ಕಾನೂನು ಗೆರೆ ಎಳೆಯಿತು. ಅಪಾಯವಾದರೋ ಈ ಗೆರೆಯನ್ನು ಲೆಕ್ಕಿಸದೆ, ಯಾರಿಗೆ ಬೇರೆ ಗತಿಯಿಲ್ಲವೋ ಅವರನ್ನು ಜಾತಿ, ಲಿಂಗ, ಊರು, ಭಾಷೆಗಳ ಜಾಡು ಹಿಡಿದು ಹುಡುಕಿಕೊಂಡು ಹೋಗುತ್ತದೆ. ಆದುದರಿಂದ ಸಮುದಾಯ ಸಮುದಾಯಕ್ಕೂ ಅಪಾಯದ ಸ್ವರೂಪ ಬೇರೆಯಾಗಿರುವಂತೆ ನಿವಾರಣೆಯ ಮಾರ್ಗವೂ ಬೇರೆಯಾಗಬೇಕಾಗುತ್ತದೆ.

ಮಾಗಡಿ ರಸ್ತೆ ಮತ್ತು ಕಾಮಾಕ್ಷಿಪಾಳ್ಯದ ಸಣ್ಣ ಕೈಗಾರಿಕೆಗಳಲ್ಲಿ ಅತ್ಯಂತ ಪರಿಚಿತವಾದ ಅಪಘಾತವು ಪವರ್ ಪ್ರೆಸ್ಸಿನದು. ಆಪರೇಟರನು ಎಡಗೈಯಿಂದ ಉಕ್ಕಿನ ಶೀಟನ್ನು ಡೈಯ ಮೇಲೆ ತಳ್ಳಿ, ಪೆಡಲನ್ನು ತುಳಿದೊಡನೆ ಮೇಲಿನ ಪಂಚು ಇಳಿದು ಜಾಬನ್ನು ಕತ್ತರಿಸುತ್ತದೆ. ಕತ್ತರಿಸಿದ ಚೂರು ಡೈಯಲ್ಲಿ ಅಂಟಿಕೊಂಡರೆ ಅದನ್ನು ಬೆರಳಿನಿಂದಲೇ ಕಿತ್ತು ತೆಗೆಯುವ ಅಭ್ಯಾಸವುಂಟು, ಏಕೆಂದರೆ ಇಕ್ಕಳವನ್ನು ಹುಡುಕುವಷ್ಟರಲ್ಲಿ ನಾಲ್ಕು ಜಾಬು ನಿಂತುಹೋಗುತ್ತವೆ. ಪೆಡಲಿನ ಮೇಲಿಟ್ಟ ಕಾಲು ಬಳಲಿದ ಗಳಿಗೆಯಲ್ಲಿ ಒಮ್ಮೆ ತಪ್ಪಿ ಅದುಮಿದರೆ ಒಂದೆರಡು ಬೆರಳು ಹೋದುವೆಂದೇ ಲೆಕ್ಕ. ಇದಕ್ಕೆ ಪರಿಹಾರವು ಶತಮಾನದಷ್ಟು ಹಳೆಯದು: ಎರಡು ಕೈಗಳಿಂದ ಎರಡು ಗುಂಡಿಗಳನ್ನು ಏಕಕಾಲದಲ್ಲಿ ಒತ್ತಿದರೆ ಮಾತ್ರ ಯಂತ್ರ ಇಳಿಯುವಂತೆ ಕಟ್ಟುವುದು, ಅಥವಾ ಡೈಯ ಸುತ್ತ ಬೆರಳು ತೂರದ ಜಾಲರಿಯನ್ನು ನಿಲ್ಲಿಸುವುದು. ಗುಂಡಿಗಳನ್ನು ಅಳವಡಿಸಿದ ಕಡೆಯಲ್ಲಿಯೂ ಒಂದನ್ನು ತಂತಿಯಿಂದ ಶಾಶ್ವತವಾಗಿ ಬಿಗಿದು ಒಂಟಿಕೈಯಲ್ಲಿ ದುಡಿಯುವುದನ್ನು ಕಂಡವರು ಕೆಲಸಗಾರನ ಅಜಾಗರೂಕತೆಯನ್ನು ಹಳಿಯುವುದುಂಟು. ಎಣಿಕೆಯ ಮೇಲೆ ಕೂಲಿ ಕೊಡುವ ಪದ್ಧತಿಯೇ ಆ ತಂತಿಯನ್ನು ಬಿಗಿಯಿತೆಂದು ಹೇಳುವುದು ಹೆಚ್ಚು ನ್ಯಾಯವಾದೀತು. ನಿನ್ನೆಯವರೆಗೆ ಹೆಲ್ಪರಾಗಿದ್ದ ಹುಡುಗನನ್ನು ಆಪರೇಟರ್ ರಜೆ ಹಾಕಿದ ದಿನ ಪ್ರೆಸ್ಸಿನ ಮುಂದೆ ಕೂರಿಸುವುದು, ಬೆರಳು ಹೋದ ಮೇಲೆ ಅವನ ಹೆಸರನ್ನು ವಿಮೆಯ ಪುಸ್ತಕಕ್ಕೆ ಏರಿಸುವುದು, ಇವು ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲವರಿಗೆ ಹೊಸತಲ್ಲ.

ಇದೇ ಬೀದಿಗಳ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಕೇಡು ಬೇರೆ ರೂಪದಲ್ಲಿ ಬರುತ್ತದೆ. ಕ್ರೋಮಿಯಂ ತೊಟ್ಟಿಯಿಂದ ಏಳುವ ಸೂಕ್ಷ್ಮವಾದ ತುಂತುರು ಮೂಗಿನ ನಡುಗೋಡೆಯನ್ನು ಮೆಲ್ಲಮೆಲ್ಲನೆ ತಿಂದು ತೂತು ಮಾಡುತ್ತದೆ. ನೋವು ಹೆಚ್ಚಾಗಿ ಇಲ್ಲದಿರುವುದರಿಂದ ಅನೇಕರಿಗೆ ಅದು ತಿಳಿಯುವುದೇ ಇಲ್ಲ. ಬೆರಳ ಸಂದಿಯ ಚಿಕ್ಕ ಗಾಯಗಳು ಆಳವಾದ ಹುಣ್ಣುಗಳಾಗುತ್ತವೆ. ತೊಟ್ಟಿಯ ಅಂಚಿನಲ್ಲಿ ಹೀರುಗೊಳವೆಯನ್ನಿಡುವುದು, ದ್ರಾವಣದ ಮೇಲೆ ಪ್ಲಾಸ್ಟಿಕ್ ಗುಂಡುಗಳನ್ನು ತೇಲಿಬಿಟ್ಟು ತುಂತುರನ್ನು ತಡೆಯುವುದು, ಸಾಧ್ಯವಾದಲ್ಲಿ ಅಷ್ಟು ವಿಷವಲ್ಲದ ಮೂರರ ವೇಲೆನ್ಸಿಯ ಕ್ರೋಮಿಯಮ್ಮನ್ನು ಬಳಸುವುದು ಇವು ನಿವಾರಣೋಪಾಯಗಳು. ಕ್ರೋಮ್ ಹುಣ್ಣು, ಸೀಸದ ವಿಷ, ಸಿಲಿಕೋಸಿಸ್, ಬಿಸಿನೋಸಿಸ್, ಗದ್ದಲದಿಂದ ಬಂದ ಕಿವುಡು ಮೊದಲಾದವು ವರದಿ ಮಾಡತಕ್ಕ ರೋಗಗಳ ಶಾಸನಬದ್ಧ ಪಟ್ಟಿಯಲ್ಲಿರುವುದರಿಂದ, ಅಂಥ ರೋಗಿಯನ್ನು ಕಂಡ ವೈದ್ಯನು ಇಲಾಖೆಗೆ ವರದಿ ಮಾಡಲೇಬೇಕೆಂಬ ವಿಧಿಯೂ ಉಂಟು. ಮಗ್ಗದ ಮನೆಗಳ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಎಂಟು ಗಂಟೆಗಳ ದುಡಿಮೆಗೆ 90 ಡೆಸಿಬೆಲ್ಲು ಮೇಲ್ಮಿತಿಯೆಂದು ನಿಯಮವಿದ್ದರೂ, ಪವರ್‌ಲೂಮಿನ ಪಕ್ಕದಲ್ಲೇ ತೊಟ್ಟಿಲು ತೂಗುವ ಮನೆಯಲ್ಲಿ ಅದನ್ನು ಅಳೆಯುವವರು ಯಾರು?

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳು ಗೋಡೆಯೂ ಎಣಿಕೆಯೂ ಇರುವ, ಆದುದರಿಂದ ಶಾಸನದ ಕಣ್ಣಿಗೆ ಪೂರ್ಣವಾಗಿ ಬೀಳತಕ್ಕ ಜಾಗಗಳು. ಮಾಗಡಿ, ರಾಮನಗರ, ಬಿಡದಿಗಳ ಕಡೆಯ ಹಳ್ಳಿಗಳಿಂದ ಹೊತ್ತು ಮೂಡುವ ಮುನ್ನವೇ ಅಡಿಗೆ ಮುಗಿಸಿ ಬಸ್ಸು, ಟೆಂಪೋಗಳಲ್ಲಿ ಬರುವ ಹೆಂಗಸರೇ ಇಲ್ಲಿ ಬಹುಸಂಖ್ಯಾತರು. ಸೂಜಿ ಬೆರಳಿಗೆ ಇಳಿಯುವುದು, ಇಸ್ತ್ರಿ ವಿಭಾಗದ ಕಾವು, ಕಲೆ ತೆಗೆಯುವ ದ್ರಾವಕದ ಘಾಟು ಇವು ಕಣ್ಣಿಗೆ ಕಾಣುವ ತೊಂದರೆಗಳು. ಇವುಗಳಿಗಿಂತ ಕಠಿನವಾದುದೊಂದುಂಟು, ಅದನ್ನು ಯಾವ ಯಂತ್ರದ ಬೇಲಿಯೂ ತಡೆಯಲಾರದು. ಗಂಟೆಗಿಷ್ಟು ಪೀಸೆಂದು ಟಾರ್ಗೆಟ್ಟನ್ನು ಲೈನಿನ ತುದಿಯ ಹಲಗೆಯ ಮೇಲೆ ಬರೆದಿರುವಾಗ, ಶೌಚಕ್ಕೆ ಎದ್ದುಹೋದರೆ ಮುಂದಿನವಳ ಕೈ ಖಾಲಿಯಾಗಿ ಸೂಪರ್‌ವೈಸರನ ಬೈಗುಳು ಕೇಳಬೇಕಾದೀತೆಂದು, ಕೆಲಸಕ್ಕೆ ಕುಳಿತವಳು ನೀರು ಕುಡಿಯುವುದನ್ನೇ ಕಡಮೆಮಾಡುತ್ತಾಳೆ. ಮೂತ್ರದ ಸೋಂಕು, ತಲೆನೋವು, ತಲೆಸುತ್ತುಗಳು ಹೀಗೆ ಬರುತ್ತವೆ. 25 ಹೆಂಗಸರಿಗೆ ಒಂದರಂತೆ ಶೌಚಗೃಹವಿರಬೇಕೆಂಬ ನಿಯಮವನ್ನು ತನಿಖಾಧಿಕಾರಿಯು ಬಾಗಿಲುಗಳನ್ನೆಣಿಸಿ ಸರಿಯೆಂದು ಬರೆದುಕೊಳ್ಳಬಹುದು. ಬಾಗಿಲವರೆಗೆ ಹೋಗುವ ಸ್ವಾತಂತ್ರ್ಯವನ್ನು ಎಣಿಸುವ ಕೋಷ್ಟಕ ಅವನಲ್ಲಿಲ್ಲ. 30ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುಗೃಹವಿರಬೇಕೆಂಬುದು 1948ರ ಕಾನೂನಿನ ಕಟ್ಟಳೆಯಾಗಿತ್ತು. 2010ರ ತಿದ್ದುಪಡಿಯಿಂದ ಮನೆಗೂ ಕಾರ್ಖಾನೆಗೂ ನಡುವಣ ಹಾದಿಯ ಅಪಘಾತವನ್ನೂ, ದುಡಿಮೆಯೊಡನೆ ಅದರ ಸಂಬಂಧವು ಸಿದ್ಧವಾದರೆ, ಇ.ಎಸ್.ಐ.ಯಲ್ಲಿ ಕೆಲಸದ ಗಾಯವೆಂದೇ ಎಣಿಸುವುದಾಗಿರುವುದು, ತುಂಬಿದ ಟೆಂಪೋದಲ್ಲಿ ಬರುವ ಈ ಸಮುದಾಯಕ್ಕೆ ಬಹಳ ಉಪಯುಕ್ತವಾದ, ಆದರೆ ಅವರಲ್ಲಿ ಬಹು ಮಂದಿಗೆ ತಿಳಿಯದ ಸೌಲಭ್ಯ. 2023ರಲ್ಲಿ ಕರ್ನಾಟಕವು ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶವಿತ್ತು ಕಾನೂನನ್ನು ತಿದ್ದಿತು. ವಾರದ 48 ಗಂಟೆಗಳ ಮಿತಿ ಉಳಿದಿದೆಯೆಂಬ ಸಮಾಧಾನವು, ಎರಡು ತುದಿಯಲ್ಲೂ ಮನೆಗೆಲಸವಿರುವವಳಿಗೆ ಅಷ್ಟಾಗಿ ಒದಗದು.

ಊದುಬತ್ತಿ ಹೊಸೆಯುವ ಹೆಂಗಸರು ಇನ್ನೂ ಒಳಗಿನವರು. ಇದ್ದಿಲ ಪುಡಿಗೂ ಜಿಗಟಿನ ಪುಡಿಗೂ ನೀರು ಬೆರಸಿ ಕಲಸಿ, ಮಣೆಯ ಮುಂದೆ ಕಾಲು ಮಡಿಸಿ ಕುಳಿತು, ಬಿದಿರ ಕಡ್ಡಿಗೆ ಅಂಗೈಯಿಂದ ಹೊಸೆಯುವ ಈ ಕೆಲಸಕ್ಕೆ ಸಾವಿರ ಕಡ್ಡಿಗಿಷ್ಟೆಂದು ಕೂಲಿ. ಒಂದೇ ಕೋಣೆಯಲ್ಲಿ ಪುಡಿ, ಒಲೆ, ಮಗು ಮೂರೂ ಇರುವುದರಿಂದ ಉದ್ಯೋಗದ ಧೂಳು ಮನೆಯವರೆಲ್ಲರ ಧೂಳಾಗುತ್ತದೆ. ಯಜಮಾನನಾರೆಂಬುದನ್ನೇ ತೋರಿಸಿಕೊಡಲಾರದ ಈ ದುಡಿಮೆಯಲ್ಲಿ, ಎತ್ತರದ ಮಣೆ, ಬೆನ್ನಿಗೆ ಆಸರೆ, ಕಿಟಕಿ, ತಿಂಗಳಿಗೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಇಷ್ಟೇ ದೊಡ್ಡ ಸುಧಾರಣೆಗಳು. ಇವರಂತೆಯೇ ಮನೆಯ ಗೋಡೆಗಳೊಳಗೆ ಎಣಿಕೆಗೆ ಸಿಕ್ಕದೆ ದುಡಿಯುವ ಬಸವೇಶ್ವರನಗರ, ವಿಜಯನಗರಗಳ ಮನೆಗೆಲಸದವರನ್ನೂ ಇವರ ಜತೆಗೇ ನೆನೆಯಬೇಕು.

ಯಾವ ಸಮುದಾಯದಲ್ಲಿ ಅಪಾಯವು ಹುಟ್ಟಿನಿಂದಲೇ ಹಂಚಿಕೆಯಾಗಿ ಬಂದಿದೆಯೋ ಅದು ಪೌರಕಾರ್ಮಿಕರದು. ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಇವರಲ್ಲಿ ಅನೇಕರ ಹಿರಿಯರು ಆಂಧ್ರದ ಗಡಿಜಿಲ್ಲೆಗಳಿಂದ ಬಂದವರಾದ್ದರಿಂದ ಮನೆಯೊಳಗಿನ ಮಾತು ತೆಲುಗು. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದುದೂ, ಐ. ಪಿ. ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯು 1976ರಲ್ಲಿ ವರದಿ ಒಪ್ಪಿಸಿ, ಜನಸಂಖ್ಯೆಗೆ ಅನುಗುಣವಾಗಿ ಕೆಲಸಗಾರರಿರಬೇಕೆಂದು ಸೂಚಿಸಿದುದೂ ಈ ರಾಜ್ಯಕ್ಕೆ ಭೂಷಣವಾದ ಸಂಗತಿಗಳು. ತರುವಾಯ ಗುತ್ತಿಗೆಯ ಪದ್ಧತಿ ಬಂದು ಕೆಲಸಗಾರರಿಗೂ ಪಾಲಿಕೆಗೂ ನಡುವೆ ಗುತ್ತಿಗೆದಾರನು ನಿಂತದ್ದರಿಂದ, ಕೈಗವಸು ಯಾರು ಕೊಡಬೇಕೆಂಬುದೇ ವಿವಾದವಾಯಿತು. ಬೇರ್ಪಡಿಸದ ಕಸದಲ್ಲಿ ಒಡೆದ ಗಾಜು, ಸಿರಿಂಜು, ಸ್ಯಾನಿಟರಿ ಪ್ಯಾಡುಗಳು ಬರಿಗೈಗೆ ಸಿಕ್ಕುತ್ತವೆ; ಇಲ್ಲಿ ಅತ್ಯುತ್ತಮವಾದ ಸುರಕ್ಷಾಸಾಧನವು ಕೆಲಸಗಾರಳ ಕೈಯಲ್ಲಿಲ್ಲ, ಮನೆಯೊಳಗೆ ಕಸವನ್ನು ಬೇರ್ಪಡಿಸಿ ಇಡತಕ್ಕ ಗೃಹಸ್ಥರ ಕೈಯಲ್ಲಿದೆ. ದೀರ್ಘವಾದ ಹೋರಾಟಗಳ ಫಲವಾಗಿ 2025ರ ಮೇ ದಿನದಂದು ಬೆಂಗಳೂರಿನ ಸಾವಿರಾರು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶಗಳು ದೊರೆತವು. ಕೆಲಸದ ಭದ್ರತೆಯೂ ಆರೋಗ್ಯದ ಸಾಧನವೇ, ಏಕೆಂದರೆ ನಾಳೆ ಕೆಲಸ ಹೋದೀತೆಂಬ ಅಂಜಿಕೆಯಿರುವವಳು ಗಾಯವನ್ನು ಮುಚ್ಚಿಡುತ್ತಾಳೆ.

ಮ್ಯಾನ್‌ಹೋಲಿನ ಕೆಲಸವಂತೂ ಪ್ರತ್ಯೇಕವಾಗಿ ಹೇಳತಕ್ಕದ್ದು. ಕೊಳಚೆಯಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಗಾಳಿಗಿಂತ ಭಾರವಾಗಿರುವುದರಿಂದ ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸಬಹುದೆಂಬ ನಂಬಿಕೆ ಮಾರಕವಾದುದು, ಏಕೆಂದರೆ ಪ್ರಮಾಣವು ಹತ್ತುಲಕ್ಷದಲ್ಲಿ ಸುಮಾರು 100 ಭಾಗಕ್ಕೇರಿದೊಡನೆ ಮೂಗು ವಾಸನೆಯನ್ನು ತಿಳಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೊದಲನೆಯವನು ಕುಸಿದನೆಂದು ಎತ್ತಲು ಇಳಿದ ಎರಡನೆಯವನೂ ಸಾಯುವುದು ಈ ಕಾರಣದಿಂದ. ಇಳಿಯುವುದಕ್ಕೆ ಮುಂಚೆ ಬೆಂಕಿಕಡ್ಡಿ ಗೀಚಿ ನೋಡುವ ಹಳೆಯ ವಾಡಿಕೆಯು ಮೀಥೇನ್ ಇದ್ದರೆ ಸ್ಫೋಟಕ್ಕೇ ಎಡೆಮಾಡುತ್ತದೆ. 2013ರ ಕಾನೂನು ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನು ಅಪರಾಧವೆಂದಿತು. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿಗಳನ್ನೂ 2023ರಲ್ಲಿ 30 ಲಕ್ಷವನ್ನೂ ಗೊತ್ತುಮಾಡಿತು. ನಿಜವಾದ ನಿವಾರಣೆಯು ಮನುಷ್ಯನೇ ಇಳಿಯಬೇಕಾಗದಂತೆ ಜೆಟ್ಟಿಂಗ್ ಯಂತ್ರವನ್ನು ಬಳಸುವುದು. ಜಲಮಂಡಲಿಯ ದೊಡ್ಡ ಯಂತ್ರವು ತೂರಲಾರದ ಓಣಿಗಳಲ್ಲಿಯೂ, ಯಾವ ಮಂಡಲಿಯ ಲೆಕ್ಕಕ್ಕೂ ಬಾರದ ಖಾಸಗಿ ಕಟ್ಟಡಗಳ ಗುಂಡಿಗಳಲ್ಲಿಯೂ ಇಂದಿಗೂ ಮನುಷ್ಯನನ್ನು ಇಳಿಸಲಾಗುತ್ತಿದೆ. ಅವನ ಜಾತಿಯನ್ನು ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಕಟ್ಟಡದ ಕೆಲಸಗಾರರು ಯಾದಗಿರಿ, ರಾಯಚೂರು, ಕಲಬುರಗಿಗಳಿಂದಲೂ, ಬಿಹಾರ, ಒಡಿಶಾ, ಬಂಗಾಳಗಳಿಂದಲೂ ಬಂದು ತಗಡಿನ ಶೆಡ್ಡುಗಳಲ್ಲಿ ನೆಲೆಸುವವರು. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ 2021ರಲ್ಲಿಯೂ ಮುಂದೆ ಚಲ್ಲಘಟ್ಟದವರೆಗೆ 2023ರಲ್ಲಿಯೂ ಓಡತೊಡಗಿದ ಮೆಟ್ರೊ ರೈಲು ಇಂಥವರ ಕೈಯ ನಿರ್ಮಾಣ. ದೊಡ್ಡ ಕಾಮಗಾರಿಗಳಲ್ಲಿ ಶಿರಸ್ತ್ರಾಣ, ಸೊಂಟಪಟ್ಟಿ, ಸುರಕ್ಷತಾಧಿಕಾರಿ ಇವೆಲ್ಲ ಇದ್ದಾವು. ಪಕ್ಕದ ಅಡ್ಡರಸ್ತೆಯಲ್ಲಿ ಮೂವತ್ತಡಿ ನಲವತ್ತಡಿಯ ನಿವೇಶನದ ಮೇಲೆ ನಾಲ್ಕಂತಸ್ತು ಕಟ್ಟುವ ಮೇಸ್ತ್ರಿಯ ಬಳಿ ಸರ್ವೆಮರದ ಸಾರವೆಯೂ ಅದನ್ನು ಬಿಗಿದ ಹಗ್ಗವೂ ಮಾತ್ರ ಇರುತ್ತವೆ. ಪಾಯಕ್ಕೋ ಕೊಳವೆಗೋ ಅಗೆದ ಆಳದ ಗುಂಡಿಗೆ ಆಸರೆ ಕೊಡದಿದ್ದರೆ ಮಣ್ಣು ಕುಸಿಯುತ್ತದೆ. ಒಂದು ಘನಮೀಟರ್ ಮಣ್ಣು ಸುಮಾರು ಒಂದೂವರೆ ಟನ್ನು ತೂಗುವುದರಿಂದ ಎದೆಮಟ್ಟ ಹೂತವನೂ ಉಸಿರುಕಟ್ಟಿ ಸಾಯಬಲ್ಲನು. 1996ರ ಕಾನೂನಿನಿಂದ ಆರಂಭವಾದ ಪದ್ಧತಿಯಂತೆ ನಿರ್ಮಾಣವೆಚ್ಚದ ಮೇಲಣ ಸೆಸ್ಸು ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ವರ್ಷದಲ್ಲಿ 90 ದಿನ ದುಡಿದುದನ್ನು ತೋರಿಸಿದವನು ನೋಂದಣಿಗೆ ಅರ್ಹ. ಊರಿಂದೂರಿಗೆ ಮೇಸ್ತ್ರಿಯ ಹಿಂದೆ ಅಲೆಯುವವನಿಗೆ ಅದನ್ನು ಬರೆದುಕೊಡುವವರಾರು? 1979ರ ವಲಸೆ ಕಾರ್ಮಿಕರ ಕಾನೂನು ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಐನೂರು ಕಿಲೋಮೀಟರು ಬಂದ ಯಾದಗಿರಿಯವನು ಅದರ ಮಟ್ಟಿಗೆ ವಲಸಿಗನೇ ಆಗಿರಲಿಲ್ಲ, ಹೊಸೂರಿನಿಂದ ಬಂದವನು ಆಗುತ್ತಿದ್ದನು! ಭಾಷೆಯ ವಿಷಯದಲ್ಲಿ ತೊಡಕು ತಿರುಗಿ ನಿಲ್ಲುತ್ತದೆ: ಎಚ್ಚರಿಕೆಯ ಹಲಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದ್ದು, ಕ್ರೇನಿನ ಕೆಳಗೆ ನಿಂತವನು ಒಡಿಯಾ ಮಾತ್ರ ಬಲ್ಲವನಾಗಿರುತ್ತಾನೆ. ಅಂಥಲ್ಲಿ ಚಿತ್ರವೂ ಬಣ್ಣವೂ ಕೈಸನ್ನೆಯೂ ಅಕ್ಷರಕ್ಕಿಂತ ಶ್ರೇಷ್ಠ. ಬೆಳಗ್ಗೆ ಕೆಲಸಕ್ಕೆ ಮುನ್ನ ಅವರವರ ಭಾಷೆಯಲ್ಲಿ ಐದು ನಿಮಿಷ ಹೇಳುವುದು ಇನ್ನೂ ಶ್ರೇಷ್ಠ.

ನಾಯಂಡಹಳ್ಳಿ, ಬಾಪೂಜಿನಗರಗಳ ಗುಜರಿ ಮತ್ತು ಪ್ಲಾಸ್ಟಿಕ್ ಗೋದಾಮುಗಳಲ್ಲಿ ಬೆಂಕಿಯೇ ಮುಖ್ಯ ಭಯ. 2020ರ ನವೆಂಬರಿನಲ್ಲಿ ಹೊಸಗುಡ್ಡದಹಳ್ಳಿಯ ರಾಸಾಯನಿಕ ಗೋದಾಮು ವಸತಿಗಳ ನಡುವೆಯೇ ಹೊತ್ತಿ ಉರಿಯಿತು. 2024ರ ಫೆಬ್ರುವರಿಯಲ್ಲಿ ಕೆಂಗೇರಿಯಾಚೆಯ ರಾಮಸಂದ್ರದಲ್ಲಿ ಸುಗಂಧದ್ರವ್ಯದ ಗೋದಾಮಿಗೆ ಬೆಂಕಿ ತಗಲಿ ಕೆಲಸಗಾರರು ಸುಟ್ಟು ಸತ್ತರು. ತೆರೆದಿರುವ ಎರಡನೆಯ ಬಾಗಿಲೊಂದು ಇಂಥ ಜಾಗಗಳಲ್ಲಿ ಹತ್ತು ಅಗ್ನಿಶಾಮಕ ಸಿಲಿಂಡರುಗಳಿಗೆ ಸಮ.

ನಿವಾರಣೆಯ ಶಾಸ್ತ್ರವು ಒಂದು ಕ್ರಮವನ್ನು ಬೋಧಿಸುತ್ತದೆ: ಮೊದಲು ಅಪಾಯವನ್ನೇ ತೆಗೆದುಹಾಕುವುದು, ಆಗದಿದ್ದರೆ ಕಡಮೆ ಅಪಾಯದ ವಸ್ತುವನ್ನು ಬಳಸುವುದು, ಅದೂ ಆಗದಿದ್ದರೆ ಯಂತ್ರಕ್ಕೆ ಬೇಲಿ ಕಟ್ಟುವುದು, ಬಳಿಕ ಪಾಳಿ ಮತ್ತು ತರಬೇತಿ, ಕಟ್ಟಕಡೆಗೆ ಕೈಗವಸು ಮುಖಗವಸು. ನಮ್ಮಲ್ಲಿ ಕೈಗವಸಿನಿಂದ ಆರಂಭಿಸಿ ಅಲ್ಲಿಗೇ ಮುಗಿಸುವುದು ರೂಢಿ, ಏಕೆಂದರೆ ಅದು ಅಗ್ಗ, ಹಂಚುವಾಗ ಚಿತ್ರ ತೆಗೆಸಿಕೊಳ್ಳಲೂ ಅನುಕೂಲ. ಪ್ರತಿವರ್ಷ ಮಾರ್ಚ್ 4ರಂದು, 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪಿತವಾದ ದಿನದ ನೆನಪಿಗಾಗಿ, ಕಾರ್ಖಾನೆಗಳಲ್ಲಿ ಪ್ರತಿಜ್ಞೆ ಬೋಧಿಸುವ ಸಮಾರಂಭಗಳಲ್ಲಿಯೂ ಈ ಕ್ರಮವ್ಯತ್ಯಾಸವನ್ನು ಗಮನಿಸಬಹುದು.

2022ರ ಜೂನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸುರಕ್ಷಿತವೂ ಆರೋಗ್ಯಕರವೂ ಆದ ಕೆಲಸದ ಪರಿಸರವನ್ನು ದುಡಿಮೆಯ ಮೂಲಭೂತ ತತ್ತ್ವಗಳಲ್ಲಿ ಒಂದೆಂದು ಅಂಗೀಕರಿಸಿತು. ಭಾರತದಲ್ಲಿ 2020ರಲ್ಲಿ ಸಿದ್ಧವಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು, ಹಳೆಯ ಹದಿಮೂರು ಕಾನೂನುಗಳನ್ನು ಒಂದರೊಳಗೆ ಕೂಡಿಸಿತು. ನೇಮಕಪತ್ರ ಕಡ್ಡಾಯ, ವಾರ್ಷಿಕ ವೈದ್ಯಕೀಯ ತಪಾಸಣೆ ಉಚಿತ ಎಂಬ ಅಂಶಗಳು ಸ್ವಾಗತಾರ್ಹವಾದುವು. ಆದರೆ ಕಾರ್ಖಾನೆಯೆನಿಸಿಕೊಳ್ಳಲು ಬೇಕಾದ ಸಂಖ್ಯೆಯನ್ನು ಶಕ್ತಿಯಿರುವಲ್ಲಿ 10ರಿಂದ 20ಕ್ಕೂ ಇಲ್ಲದಲ್ಲಿ 20ರಿಂದ 40ಕ್ಕೂ ಏರಿಸಿದುದರಿಂದ, ಕಾಮಾಕ್ಷಿಪಾಳ್ಯದ ಹನ್ನೆರಡು ಜನರ ಪ್ರೆಸ್ ಶೆಡ್ಡು ಆ ವ್ಯಾಖ್ಯೆಯಿಂದ ಹೊರಗುಳಿಯಿತು. ಸೂರೇ ಇಲ್ಲದ ದುಡಿಮೆಗೆ ಕರ್ನಾಟಕವು ಅದೇ 2025ರಲ್ಲಿ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಕಾನೂನನ್ನು ಮಾಡಿ, ಮೊಬೈಲಿನ ಕರೆಗೆ ಊಟ ಸಾಮಾನು ಹೊತ್ತು ಓಡುವ ತರುಣರಿಗಾಗಿ ಪ್ರತಿ ವಹಿವಾಟಿನ ಮೇಲೆ ಶೇಕಡ 1ರಿಂದ 5ರ ವರೆಗೆ ಕಲ್ಯಾಣ ಶುಲ್ಕವನ್ನು ಗೊತ್ತುಪಡಿಸಿತು. ಅಪಘಾತವಾದ ಮೇಲೆ ಒದಗುವ ನೆರವಿಗೆ ಇದರಿಂದ ಆಧಾರ ದೊರೆಯಿತು. ಅಪಘಾತಕ್ಕೆ ಕಾರಣವಾದ ಅವಸರವು ಯಾವ ಪೆಡಲಿನಿಂದಲೂ ಅಲ್ಲದೆ ಫೋನಿನ ಪರದೆಯ ಮೇಲೆ ಕಳೆಯುತ್ತಿರುವ ನಿಮಿಷಗಳಿಂದ ಬರುವುದರಿಂದ, ಅದಕ್ಕೆ ಬೇಲಿ ಕಟ್ಟತಕ್ಕವನು ಆ ಗಡಿಯಾರವನ್ನು ನಡೆಸುವ ಕಂಪನಿಯೇ ಸರಿ.